ಚಿತ್ತಶಾಂತಿಯ ಸುಲಭಾಭ್ಯಾಸ

ಮಾರತ್ತಹಳ್ಳಿಯ ಸೇತುವೆಯ ಸಮೀಪದಲ್ಲಿ ವಾಸಿಸತಕ್ಕವರಿಗೆ ನಿಶ್ಶಬ್ದವೆಂಬುದು ದುರ್ಲಭ. ವಾಹನಗಳ ಸದ್ದು ಅಡಗಿದ ಮೇಲೆ ಧ್ಯಾನಕ್ಕೆ ಕೂಡುವೆವೆಂದರೆ ಆ ಗಳಿಗೆ ಬರುವುದೇ ಇಲ್ಲ. ನಾವೂ ಮೊದಮೊದಲು ಸದ್ದಿನೊಡನೆಯೂ ಯೋಚನೆಗಳೊಡನೆಯೂ ಹೋರಾಡಿ, ಕುಳಿತಾಗ ಇದ್ದುದಕ್ಕಿಂತ ಹೆಚ್ಚು ಸಿಡುಕಿನಿಂದ ಎದ್ದವರೇ. ಶೂನ್ಯವೆಂದರೆ ಏನೂ ಇಲ್ಲದಿರುವುದೆಂದು ಭಾವಿಸಿದ್ದುದು ನಮ್ಮ ತಪ್ಪು.

12ನೆಯ ಶತಮಾನದ ಅಲ್ಲಮಪ್ರಭು ಮೊದಲಾದ ಶರಣರು ಇದಕ್ಕೆ ‘ಬಯಲು’ ಎಂಬ ಅಚ್ಚಗನ್ನಡದ ಮಾತನ್ನು ಬಳಸಿದರು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಅವರ ವಚನಗಳನ್ನು ಸಂವಾದರೂಪದಲ್ಲಿ ಹೊಂದಿಸಿದ ಗ್ರಂಥಕ್ಕೆ ‘ಶೂನ್ಯಸಂಪಾದನೆ’ ಎಂದೇ ಹೆಸರು. ಶೂನ್ಯವೂ ಸಂಪಾದಿಸತಕ್ಕ ವಸ್ತು! ಶರಣರ ಬಯಲಿನ ಅರ್ಥವು ಬಹು ಆಳವಾದುದು. ನಮ್ಮ ಅಭ್ಯಾಸಕ್ಕೆ ಇಷ್ಟು ಸಾಕು: ಬಯಲಿನಲ್ಲಿ ಗಾಳಿ ಬೀಸುವುದು, ದನಕರುಗಳು ಹಾಯುವುವು, ಬಯಲು ಯಾವುದನ್ನೂ ತಡೆಯದು, ಹಿಡಿದಿಟ್ಟುಕೊಳ್ಳದು.

ಬೆನ್ನು ನೆಟ್ಟಗಿರುವಂತೆ ಕುಳಿತು, ಹೊರಬಿಡುವ ಉಸಿರುಗಳನ್ನು 1ರಿಂದ 10ರ ವರೆಗೆ ಎಣಿಸಬೇಕು. ಎಣಿಕೆ ತಪ್ಪಿದರೆ ಬೇಸರಿಸದೆ ಮತ್ತೆ ಮೊದಲಿನಿಂದ ತೊಡಗಬೇಕು. ಅದು ನೆಲೆಗೊಂಡ ಮೇಲೆ ಎಣಿಕೆಯನ್ನು ಬಿಟ್ಟು, ಒಂದು ಉಸಿರು ಹೋಗಿ ಇನ್ನೊಂದು ಬರುವ ಮೊದಲಿನ ಎಡೆಯನ್ನು ಗಮನಿಸಬೇಕು. ಉಸಿರನ್ನು ಬಲವಂತದಿಂದ ತಡೆಯಬಾರದು. ಆಗ ಹಾರ್ನಿನ ಸದ್ದು ಕೇಳಿಸಿದರೆ, ಅದು ಮೂಡಿ ಅಡಗುವುದನ್ನು ಸುಮ್ಮನೆ ಆಲಿಸಬೇಕು. ಯೋಚನೆ ಬಂದರೂ ಹಾಗೆಯೇ.

ದಿನಕ್ಕೆ ಹತ್ತು ನಿಮಿಷ ಸಾಕು. ಬೀದಿಯ ಸದ್ದು ಮೊದಲಿನಂತೆಯೇ ಇರುವುದು. ಅದರೊಡನೆ ನಾವು ಹೂಡಿದ್ದ ಜಗಳ ನಿಧಾನವಾಗಿ ನಿಲ್ಲುವುದು.