ಸ್ನಾಯು ಸಡಿಲಿಸುವ ಗುಳಿಗೆ: ನುಂಗುವ ಮುನ್ನ ತಿಳಿದಿರಲಿ

ಕೃಷ್ಣಾ ತೀರದ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಭಾಗದಲ್ಲಿ ಕಬ್ಬಿನ ಕಟಾವು ನಡೆದಾಗ ಸೊಂಟದಲ್ಲಿ ಚಳಕು ಹಿಡಿಯುವುದು ಹೊಸದೇನಲ್ಲ. ದಿನವಿಡೀ ಬಾಗಿ ಕಡಿದು, ಹೊರೆ ಹೊತ್ತು ಗಾಡಿಗೆ ಹೇರುವ ಕೆಲಸ ಅಂಥದು. ನಿಪ್ಪಾಣಿಯಲ್ಲಿ ತಾಸುಗಟ್ಟಲೆ ಕುಳಿತು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಕುತ್ತಿಗೆ, ಬೆನ್ನು ಬಿಗಿಯುತ್ತವೆ. ಇಂಥ ನೋವಿಗೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಸ್ನಾಯು ಸಡಿಲಿಸುವ ಗುಳಿಗೆಯನ್ನು ಬರೆದುಕೊಡುವುದುಂಟು.

ಈ ಗುಳಿಗೆ ನೋಯುವ ಜಾಗದಲ್ಲಷ್ಟೇ ಕೆಲಸ ಮಾಡುವುದಿಲ್ಲ. ಕ್ಲೋರ್‌ಜೋಕ್ಸಜೋನ್, ಟಿಜಾನಿಡಿನ್, ಬ್ಯಾಕ್ಲೋಫೆನ್ ಮುಂತಾದವು ಮಿದುಳು ಹಾಗೂ ಬೆನ್ನುಹುರಿಯ ಮೇಲೆ ಪರಿಣಾಮ ಬೀರಿ ಬಿಗಿತವನ್ನು ತಗ್ಗಿಸುತ್ತವೆ. ಆದ್ದರಿಂದಲೇ ತೂಕಡಿಕೆ, ತಲೆಸುತ್ತು, ಕೈಕಾಲು ಸೋತಂತಾಗುವುದು ಸಾಮಾನ್ಯ. ಗುಳಿಗೆ ತೆಗೆದುಕೊಂಡು ಟ್ರ್ಯಾಕ್ಟರ್, ಬೈಕ್ ಓಡಿಸಬಾರದು; ಕುಡಗೋಲು ಹಿಡಿಯಬಾರದು; ಯಂತ್ರದ ಬಳಿ ನಿಲ್ಲಬಾರದು. ನೋವು ಕಡಿಮೆಯಾಯಿತೆಂದು ಮತ್ತೆ ಹೊರೆ ಹೊರುವುದೂ ತಪ್ಪು. ಮದ್ಯಪಾನವಂತೂ ಬೇಡವೇ ಬೇಡ. ನಿದ್ರೆಯ ಗುಳಿಗೆ ಅಥವಾ ತೂಕಡಿಕೆ ತರುವ ನೆಗಡಿಯ ಗುಳಿಗೆ ಜೊತೆಗೂಡಿದರೆ ಅಪಾಯ ಇಮ್ಮಡಿಯಾಗುತ್ತದೆ. ವಯಸ್ಸಾದವರು ರಾತ್ರಿ ಏಳುವಾಗ ಹಾಸಿಗೆಯ ಮೇಲೆ ತುಸು ಕುಳಿತು ನಂತರ ನಿಲ್ಲಬೇಕು.

ಒಂದೇ ಗುಳಿಗೆಯಲ್ಲಿ ಎರಡು ಮೂರು ಔಷಧ

ಇವು ಬಹಳಷ್ಟು ಸಲ ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್, ಪ್ಯಾರಾಸಿಟಮಾಲ್ ಬೆರೆತೇ ಬರುತ್ತವೆ. ಇದನ್ನರಿಯದೆ ಜ್ವರಕ್ಕೆಂದು ಬೇರೆ ಪ್ಯಾರಾಸಿಟಮಾಲ್ ನುಂಗಿದರೆ ಪ್ರಮಾಣ ಮೀರಿ ಯಕೃತ್ತಿಗೆ ಹಾನಿಯಾದೀತು. ಹೊಟ್ಟೆಯ ಹುಣ್ಣು, ಮೂತ್ರಪಿಂಡ, ಯಕೃತ್ತು ಅಥವಾ ಹೃದಯದ ಕಾಯಿಲೆ ಇದ್ದವರು ವೈದ್ಯರಿಗೆ ಮೊದಲೇ ಹೇಳಬೇಕು. ಕಣ್ಣು ಹಳದಿಯಾದರೆ, ಮಲ ಕಪ್ಪಾದರೆ ಗುಳಿಗೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು.

ಟಿಜಾನಿಡಿನ್ ತೆಗೆದುಕೊಳ್ಳುವವರು ಸಿಪ್ರೊಫ್ಲಾಕ್ಸಾಸಿನ್ ಸೇವಿಸಲೇಬಾರದು. ರಕ್ತದಲ್ಲಿ ಟಿಜಾನಿಡಿನ್ ಪ್ರಮಾಣ ಹಲವು ಪಟ್ಟು ಏರಿ ರಕ್ತದೊತ್ತಡ ಕುಸಿಯುತ್ತದೆ. ಭೇದಿಗೋ ಉರಿಮೂತ್ರಕ್ಕೋ ಔಷಧ ಕೇಳುವಾಗ ಸೊಂಟನೋವಿನ ಗುಳಿಗೆಯನ್ನೂ ತೋರಿಸಿರಿ.

ಥಯೋಕಾಲ್ಚಿಕೋಸೈಡ್ ಗುಳಿಗೆಯನ್ನು 7 ದಿನ ಮೀರಿ ಕೊಡಬಾರದು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, 16 ವರ್ಷದೊಳಗಿನವರಿಗೆ ಬೇಡವೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಸಲಹೆ ನೀಡಿತು. ಗರ್ಭಿಣಿಯಾಗುವ ಸಾಧ್ಯತೆ ಇರುವವರೂ ವೈದ್ಯರಿಗೆ ತಿಳಿಸಬೇಕು.

ತಟ್ಟನೆ ನಿಲ್ಲಿಸಬಾರದ ಗುಳಿಗೆ

ಪಾರ್ಶ್ವವಾಯು ಅಥವಾ ಬೆನ್ನುಹುರಿಯ ತೊಂದರೆಯಿಂದ ಕೈಕಾಲು ಸೆಟೆದುಕೊಂಡವರಿಗೆ ಬ್ಯಾಕ್ಲೋಫೆನ್ ಬಹುಕಾಲ ಬೇಕಾಗಬಹುದು. ಗುಳಿಗೆ ಮುಗಿಯಿತೆಂದು ಒಮ್ಮೆಲೇ ಬಿಟ್ಟರೆ ಭ್ರಮೆ, ಫಿಟ್ಸ್ ಬರಬಹುದು. ಮುಗಿಯುವ ಮೊದಲೇ ತಂದಿಟ್ಟುಕೊಳ್ಳಿರಿ. ನಿಲ್ಲಿಸುವುದಿದ್ದರೆ ವೈದ್ಯರು ಹೇಳಿದಂತೆ ಹಂತಹಂತವಾಗಿ ತಗ್ಗಿಸಿರಿ. ಮೂತ್ರಪಿಂಡ ದುರ್ಬಲವಾದವರಲ್ಲಿ ಈ ಔಷಧ ದೇಹದಲ್ಲಿ ಉಳಿದು ಮಂಪರು, ಗೊಂದಲ ಉಂಟಾಗುತ್ತದೆ.

ಆಸ್ಪತ್ರೆಗೆ ಧಾವಿಸಬೇಕಾದಾಗ

ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಗುಳಿಗೆ ನುಂಗುತ್ತ ಕೂಡಬಾರದು. ಬೆನ್ನಿನ ನರಗಳು ಒತ್ತಿಗೆ ಸಿಕ್ಕಿರಬಹುದು; ತಡವಾದರೆ ಊನ ಶಾಶ್ವತವಾದೀತು. ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ನೆರೆಯವರಿಗೆ ಗುಣವಾಯಿತೆಂದು ಅವರ ಗುಳಿಗೆ ಕೇಳಿ ನುಂಗಬೇಡಿರಿ. ಅವರ ನೋವು ಬೇರೆ, ನಿಮ್ಮ ನೋವು ಬೇರೆ.