ಹತ್ತು ಲಕ್ಷ ಎಳೆಗಳ ಬಿಲ್ಲೆ

ಬರೀ ಒಂದೂವರೆ ಮಿಲಿಮೀಟರ್! ಕಣ್ಣಿನ ಹಿಂಬದಿಯ ಆ ಬಿಲ್ಲೆ ಹೆಚ್ಚುಕಡಿಮೆ ಅಷ್ಟೇ ಅಗಲ. ರೆಟಿನಾದ ಮೂಲೆಮೂಲೆಯಿಂದ ಬರುವ ಸುಮಾರು ಹತ್ತು ಲಕ್ಷ ನರದ ಎಳೆಗಳು ಅದರೊಳಗೆ ನುಸುಳಿ ಮಿದುಳಿನ ದಾರಿ ಹಿಡಿಯುತ್ತವೆ. ಇಳಕಲ್ಲಿನ ಮಗ್ಗದಲ್ಲಿ ಹಾಸಿನ ಒಂದೆಳೆ ಕಡಿದರೂ ನೇಕಾರ ಕೈ ತಡೆದು ಗಂಟು ಹಾಕುತ್ತಾನೆ. ಇಲ್ಲಿ ಗಂಟು ಹಾಕುವಂತಿಲ್ಲ. ನೂರಕ್ಕೆ ಮೂವತ್ತು ಎಳೆ ಸತ್ತರೂ ದೃಷ್ಟಿಕ್ಷೇತ್ರದ ಪರೀಕ್ಷೆಯಲ್ಲಿ ಕೊರತೆ ಕಾಣದೆ ಇರಬಹುದು!

ಎಳೆಗಳು ಹೀಗೆ ಸದ್ದಿಲ್ಲದೆ ಸಾಯುವ ರೋಗವೇ ಗ್ಲಾಕೋಮಾ. ನಡುವಿನ ನೋಟ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ. ಹಾಗಾಗಿ ‘ಎಳಿ ಎಣಸ್ತೀನ್ರಿ, ನನ್ನ ಕಣ್ಣಿಗೇನ್ ಆಗೇತ್ರಿ?’ ಎಂದು ನೇಕಾರ ಕೇಳಿದರೆ ಅದು ಸುಳ್ಳಲ್ಲ. ಕೆಳಬದಿಯ ನೋಟ ಹೋದವರು ಬಾದಾಮಿ ಗುಹೆಗಳ ಮೆಟ್ಟಿಲು ಇಳಿಯುವಾಗ ಕಾಲು ತಪ್ಪಿದರೂ ವಯಸ್ಸಾಯಿತು ಅಂದುಕೊಂಡಾರು.

ಹಾಗಾದರೆ ಬಿಲ್ಲೆಯ ಫೋಟೋ ತೆಗೆದರಾಯಿತಲ್ಲ? ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ರೆಟಿನಾ ಚಿತ್ರವನ್ನು ಜಿಲ್ಲೆಗಳಿಂದ ಬೆಂಗಳೂರಿಗೆ ಕಳಿಸುವ ನಾರಾಯಣ ನೇತ್ರಾಲಯದ ಕಿಡ್‌ರಾಪ್ 2008ರಲ್ಲೇ ಶುರುವಾಗಿದೆ. ಕಣ್ಣಿನ ಹಿಂಬದಿಯ ಚಿತ್ರ ತೆಗೆಯಲು ಮೊಬೈಲಿಗೆ ಜೋಡಿಸುವ ಫಂಡಸ್ ಕ್ಯಾಮೆರಾ ಬೆಂಗಳೂರಲ್ಲೇ ತಯಾರಾಗುತ್ತದೆ. ಹುನಗುಂದದ ಶಿಬಿರಕ್ಕೆ ಚೀಲದಲ್ಲಿ ಒಯ್ಯಬಹುದು. ಆದರೆ ಗ್ಲಾಕೋಮಾ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಚಿತ್ರದಲ್ಲಿ ಕಾಣುವುದು ಕಿತ್ತಳೆ ಬಣ್ಣದ ಹಿನ್ನೆಲೆ, ತಿಳಿಹಳದಿ ಬಿಲ್ಲೆ, ಅದರ ನಡುವೆ ಬಿಳಿಚಿದ ಕುಳಿ, ಕುಳಿಯ ಅಂಚಿನಲ್ಲಿ ಥಟ್ಟನೆ ಬಾಗುವ ರಕ್ತನಾಳ. ಎಳೆ ಸತ್ತಷ್ಟೂ ಕುಳಿ ಹಿಗ್ಗುತ್ತದೆ. ಆದರೆ ಹುಟ್ಟಿನಿಂದಲೇ ದೊಡ್ಡ ಬಿಲ್ಲೆ ಇದ್ದವರಿಗೆ ಕುಳಿಯೂ ದೊಡ್ಡದೇ! ಸಣ್ಣ ಬಿಲ್ಲೆಯಲ್ಲಿ ಸಣ್ಣ ಕುಳಿಯೂ ರೋಗದ ಗುರುತಾಗಿರಬಹುದು. ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಎರಡು ಅಳತೆ ಹೇಳುವುದುಂಟು. ಕಣ್ಣಿಗೆ ಪೊರೆ ಬಂದಿದ್ದರಂತೂ ಚಿತ್ರವೇ ಮಸುಕು.

1991ರಲ್ಲಿ ಓಸಿಟಿ ಬಂತು. ಬೆಳಕು ಕಳಿಸಿ, ಮರಳಿದ ಬೆಳಕಿನಿಂದಲೇ ನರಪದರದ ದಪ್ಪವನ್ನು ಮೈಕ್ರಾನುಗಳಲ್ಲಿ ಅಳೆಯುವ ಯಂತ್ರ! ಆರೋಗ್ಯವಂತರಲ್ಲಿ ಬಿಲ್ಲೆಯ ಸುತ್ತ ಸರಾಸರಿ 100ರ ಆಸುಪಾಸು. ರೋಗ ಬಲಿತಂತೆ ಅದು ಇಳಿಯುತ್ತ 50ರ ಸುತ್ತಮುತ್ತ ಬಂದು ನಿಂತುಬಿಡುತ್ತದೆ. ಉಳಿದದ್ದು ರಕ್ತನಾಳ, ಆಧಾರದ ಅಂಗಾಂಶ. ಅಲ್ಲಿಂದಾಚೆ ಕಣ್ಣು ಹಾಳಾಗುತ್ತಲೇ ಇದ್ದರೂ ಅಂಕಿ ಕದಲುವುದಿಲ್ಲ.

ನನ್ನನ್ನು ಬೆರಗುಗೊಳಿಸಿದ್ದು ಮುಂದಿನದು. ಓಸಿಟಿ ಬಾಯಿ ಮುಚ್ಚುವ ಹೊತ್ತಿಗೆ, ಮೊದಮೊದಲು ಮೌನವಾಗಿದ್ದ ದೃಷ್ಟಿಕ್ಷೇತ್ರದ ಪರೀಕ್ಷೆ ಮಾತಾಡತೊಡಗುತ್ತದೆ! ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತುವುದು, ಅಷ್ಟೇ. ದಣಿದವರು ತಪ್ಪು ಒತ್ತುತ್ತಾರೆ, ಮತ್ತೆ ಮಾಡಿಸಬೇಕು. ವಾಡಿಕೆಯ ಪರೀಕ್ಷೆಯಲ್ಲಿ ಚುಕ್ಕಿಗಳ ನಡುವೆ 6 ಡಿಗ್ರಿ ಅಂತರ. ನೋಟ ನಡುವಿಗೆ ಕುಗ್ಗಿದವರಿಗೆ ಬೇರೆಯೇ ಪರೀಕ್ಷೆ: ನಡುವಿನ 10 ಡಿಗ್ರಿಯೊಳಗೆ, 2 ಡಿಗ್ರಿಗೊಂದರಂತೆ 68 ಚುಕ್ಕಿ. ಎಳೆ ಎಣಿಸುವ ನೇಕಾರನಿಗೆ ಉಳಿದ ನೋಟ ಎಷ್ಟು, ಹೋದ ವರ್ಷಕ್ಕಿಂತ ಎಷ್ಟು ಕಡಿಮೆ, ಚಿಕಿತ್ಸೆಯಿಂದ ಕಣ್ಣಿನ ಒತ್ತಡವನ್ನು ಇನ್ನೂ ಇಳಿಸಬೇಕೇ ಎಂಬುದನ್ನು ವೈದ್ಯರು ಓದುವುದು ಅದರಲ್ಲಿ.