ಪಂಪಿಗಿಂತ ಟ್ಯೂಬ್ ಮುಖ್ಯ

ರಸಾಯನ ಪ್ರಯೋಗಾಲಯಗಳ ಮೇಜಿನ ಮೇಲೆ ಗುಂಯ್‌ಗುಡುತ್ತಾ ಕೂತಿರುವ ಪೆರಿಸ್ಟಾಲ್ಟಿಕ್ ಪಂಪಿನ ಯಾವ ಭಾಗಕ್ಕೂ ದ್ರವ ತಾಗುವುದಿಲ್ಲ. ಮೋಟಾರು ತಿರುಗಿಸುವ ಚಕ್ರದ ಅಂಚಿನಲ್ಲಿ ಕೆಲವು ರೋಲರ್‌ಗಳಿರುತ್ತವೆ. ಅವು ಮೆತ್ತನೆಯ ಟ್ಯೂಬೊಂದನ್ನು ಒತ್ತುತ್ತಾ ಉರುಳುತ್ತವೆ, ಹಾಲು ಕರೆಯುವ ಕೈ ಕೆಚ್ಚಲಿನ ತೊಟ್ಟನ್ನು ಮೇಲಿನಿಂದ ಬಿಗಿದು ಕೆಳಕ್ಕೆ ಒತ್ತಿದಂತೆ. ರೋಲರ್ ದಾಟಿದ ಕೂಡಲೇ ಚಪ್ಪಟೆಯಾಗಿದ್ದ ಟ್ಯೂಬ್ ಮತ್ತೆ ಉಬ್ಬಿ, ಹಿಂದಿನ ದ್ರವವನ್ನು ಎಳೆದುಕೊಳ್ಳುತ್ತದೆ. ತೊಳೆಯಬೇಕಾದ ವಾಲ್ವ್ ಇಲ್ಲ. ಬೀಕರ್ ಬರಿದಾಗಿ ಗಾಳಿ ಎಳೆದರೂ ಕೆಡುವುದಿಲ್ಲ. ತಿರುಗುವ ದಿಕ್ಕು ಬದಲಿಸಿದರೆ ದ್ರವ ಹಿಂದಕ್ಕೆ ಬರುತ್ತದೆ.

ಈ ಸರಳ ಉಪಾಯವನ್ನು ಅತ್ಯಂತ ಜಾಣತನದಿಂದ ದುಡಿಸಿಕೊಂಡವರು ಅಮೆರಿಕದ ಕ್ಲೀವ್‌ಲ್ಯಾಂಡಿನ ಲಿಯೊನಾರ್ಡ್ ಸ್ಕೆಗ್ಸ್. 1950ರ ದಶಕದ ಆಸ್ಪತ್ರೆಗಳಲ್ಲಿ ರಕ್ತದ ಗ್ಲೂಕೋಸ್, ಯೂರಿಯಾ ಅಳೆಯಲು ಒಂದೊಂದು ಮಾದರಿಗೂ ಪಿಪೆಟ್ ಹಿಡಿಯಬೇಕಿತ್ತು. ಸ್ಕೆಗ್ಸ್ ಬೇರೆ ಬೇರೆ ಒಳವ್ಯಾಸದ ಟ್ಯೂಬ್‌ಗಳನ್ನು ಸಾಲಾಗಿ ಒಂದೇ ಪಂಪಿನ ರೋಲರ್‌ಗಳ ಕೆಳಗೆ ಹಾಯಿಸಿದರು. ವೇಗ ಎಲ್ಲಕ್ಕೂ ಒಂದೇ. ಅಗಲದ ಟ್ಯೂಬಿನಲ್ಲಿ ಹೆಚ್ಚು ಹರಿಯಿತು, ಕಿರಿದರಲ್ಲಿ ಕಡಿಮೆ. ಮಾದರಿಯೂ ರಾಸಾಯನಿಕಗಳೂ ಯಾರೂ ಅಳೆದು ಸುರಿಯದೆ ಬೇಕಾದ ಪ್ರಮಾಣದಲ್ಲೇ ಬೆರೆತವು. ಇನ್ನೊಂದು ಟ್ಯೂಬಿನಲ್ಲಿ ಬರೀ ಗಾಳಿ! ಅದರ ಗುಳ್ಳೆಗಳು ಹರಿವನ್ನು ತುಂಡರಿಸಿ, ಒಬ್ಬ ರೋಗಿಯ ರಕ್ತ ಇನ್ನೊಬ್ಬರದರ ಜತೆ ಬೆರೆಯದಂತೆ ನೋಡಿಕೊಂಡವು. 1957ರಲ್ಲಿ ಟೆಕ್ನಿಕಾನ್ ಕಂಪನಿ ಈ ಯಂತ್ರವನ್ನು ಆಟೋಅನಲೈಸರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಲ್ಯಾಬ್ ಕೆಲಸ ಯಂತ್ರದ ಕೈಗೆ ಹೋದದ್ದಕ್ಕೆ ನಾವು ಕಂಪ್ಯೂಟರನ್ನು ಹೊಗಳುತ್ತೇವೆ. ಮೊದಲ ಪಾಲು ಸಲ್ಲಬೇಕಾದ್ದು ಈ ರೋಲರ್‌ಗಳಿಗೆ.

ಇಂದು ನೀರಿನಲ್ಲಿ ಸೀಸ, ಆರ್ಸೆನಿಕ್ ಪತ್ತೆಹಚ್ಚುವ ಐಸಿಪಿ ಯಂತ್ರಗಳಿಗೆ ಸಾಮಾನ್ಯವಾಗಿ ಮಾದರಿ ಉಣಿಸುವುದು ಇದೇ ಪಂಪು. ಡಯಾಲಿಸಿಸ್ ಯಂತ್ರದ ಮುಂಭಾಗದಲ್ಲಿ ರಕ್ತವನ್ನು ತಳ್ಳುತ್ತಾ ಸುತ್ತುವುದೂ ಇದರ ಒಡಹುಟ್ಟು.

ಇಷ್ಟೆಲ್ಲ ಗುಣಗಳಿರುವ ಪಂಪು ಕೈಕೊಡುವುದು ಬಹುಮಟ್ಟಿಗೆ ಟ್ಯೂಬಿನಿಂದ. ಪಂಪಿಗೆ ಸಾವಿರಾರು ರೂಪಾಯಿ ಸುರಿದು ಟ್ಯೂಬಿಗೆ ಜಿಪುಣತನ ಮಾಡುವ ಲ್ಯಾಬ್‌ಗಳು ಕಡಿಮೆಯೇನಿಲ್ಲ. ಸಿಲಿಕೋನ್ ನೀರಿಗೂ ಬಫರ್ ದ್ರಾವಣಕ್ಕೂ ಒಳ್ಳೆಯದು, ಆದರೆ ಟಾಲ್ಯೂನ್ ಅಥವಾ ಹೆಕ್ಸೇನ್ ಹರಿಸಿದರೆ ಊದಿಕೊಳ್ಳುತ್ತದೆ. ಟೆಟ್ರಾಹೈಡ್ರೋಫ್ಯೂರಾನ್ ಪಿವಿಸಿಯನ್ನೇ ಕರಗಿಸಿಬಿಡುತ್ತದೆ. ವೈಟಾನ್ ಹೈಡ್ರೋಕಾರ್ಬನ್‌ಗಳನ್ನು ತಾಳಿಕೊಂಡರೂ ಅಸಿಟೋನ್ ಮುಂದೆ ಸೋಲುತ್ತದೆ. ಹೆಚ್ಚುಕಮ್ಮಿ ಎಲ್ಲವನ್ನೂ ತಾಳುವ ಟೆಫ್ಲಾನ್ ಇದೆಯಲ್ಲ ಎಂದರೆ, ಅದು ರೋಲರಿಗೆ ಬಗ್ಗದಷ್ಟು ಗಡಸು.

ಸರಿಯಾದ ಟ್ಯೂಬ್ ಹಾಕಿದರೂ ಗಂಟೆಗಟ್ಟಲೆ ಒತ್ತಿಸಿಕೊಂಡು ಅದು ಸೊರಗುತ್ತದೆ; ಉಬ್ಬುವ ಶಕ್ತಿ ಕುಂದಿ ಹರಿವು ಇಳಿಯುತ್ತದೆ. ಪಂಪಿನ ಪರದೆಯ ಮೇಲಿನ ಮಿಲಿಲೀಟರ್ ಲೆಕ್ಕ ಆಗಲೂ ಹಾಗೇ ಇರುತ್ತದೆ, ಏಕೆಂದರೆ ಅದು ಎಣಿಸುವುದು ಚಕ್ರದ ಸುತ್ತುಗಳನ್ನು. ನಂಬಬೇಕಾದದ್ದು ತಕ್ಕಡಿಯನ್ನು: ಐದು ನಿಮಿಷ ನೀರು ಹರಿಸಿ ತೂಗಿ, ಒಂದು ಗ್ರಾಮಿಗೆ ಸುಮಾರು ಒಂದು ಮಿಲಿಲೀಟರ್. ಒಂದೊಂದು ರೋಲರ್ ಬಿಟ್ಟಾಗಲೂ ಹರಿವು ಮಿಡಿಯುತ್ತದೆ. ಅದು ತೊಂದರೆಯಾದರೆ ಹೆಚ್ಚು ರೋಲರ್‌ಗಳಿರುವ ಪಂಪ್ ಹೆಡ್ ಕೊಳ್ಳಿ. ಸಂಜೆ ಮನೆಗೆ ಹೊರಡುವ ಮುಂಚೆ ಟ್ಯೂಬನ್ನು ಒತ್ತಿ ಹಿಡಿದ ಕ್ಲ್ಯಾಂಪ್ ಸಡಿಲಿಸಿ. ರಾತ್ರಿಯೆಲ್ಲ ಒಂದೇ ಜಾಗದಲ್ಲಿ ಚಪ್ಪಟೆಯಾಗಿದ್ದ ಟ್ಯೂಬ್ ಮರುದಿನ ಸರಿಯಾದ ಅಳತೆ ಕೊಡುವುದಿಲ್ಲ.